ಮಳೆಗಾಲಕ್ಕೆ ರಬ್ಬರ್ ಬೋಟು, ಮೋಟರು ಎತ್ತಿಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಹತ್ತಿರ, ಹೊಳೆ ಬದಿಯಲ್ಲಿ. ಮೂರು ವರ್ಷದ ಹಿಂದೆ ಗಾಳಿ ತುಂಬುವ ಸಣ್ಣ ರಬ್ಬರ್ ಬೋಟು ತಗೊಂಡೆ. ಪಿವಿಸಿಯದ್ದು, ಉದ್ದ 3.2 ಮೀಟರ್. ಅದಕ್ಕೊಂದು 8 ಎಚ್‌ಪಿ ಪೆಟ್ರೋಲ್ ಮೋಟರ್, ಟು ಸ್ಟ್ರೋಕ್. ಮೇ ಕೊನೆಗೆ ಬೋಟನ್ನು ತೊಳೆದು, ಮಡಿಸಿ, ಚೀಲಕ್ಕೆ ತುಂಬಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆ. ಮೋಟರನ್ನೂ ಅಲ್ಲೇ ಮಲಗಿಸಿದ್ದೆ. ಅಕ್ಟೋಬರ್‌ನಲ್ಲಿ ಬಿಚ್ಚಿದರೆ ಬೋಟಿನ ತುಂಬಾ ಕಪ್ಪು ಬೂಸ್ಟು. ಮಡಿಕೆ ಬಿದ್ದ ಕಡೆ ಅಂಟು ಬಿಟ್ಟಿದೆ, ಎಡಗಡೆ ಟ್ಯೂಬಿನಲ್ಲಿ ಗಾಳಿ ನಿಲ್ಲುತ್ತಿಲ್ಲ. ಮೋಟರಿನ ಹಗ್ಗ ಎಳೆದು ಎಳೆದು ಭುಜ ನೋವು ಬಂತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಬಂದು ಕಾರ್ಬುರೇಟರ್ ತೊಳೆದುಕೊಟ್ಟರು. ಹದಿನೈದು ದಿನ ಓಡಿತು, ಮತ್ತೆ ಅದೇ ಕಥೆ. ಪಕ್ಕದ ಮನೆಯ ಅಜ್ಜ ಟ್ಯೂಬಿಗೆ ಗೇರೆಣ್ಣೆ ಹಚ್ಚು ಅನ್ನುತ್ತಾರೆ. ಮಗ ಇದನ್ನು ಮಾರಿ ಫೈಬರ್ ದೋಣಿ ತಗೊಳ್ಳೋಣ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಗೇರೆಣ್ಣೆ ಡಬ್ಬಿಯನ್ನು ಮೊದಲು ದೂರ ಇಡಿ. ಅಜ್ಜ ಹೇಳಿದ್ದು ತಪ್ಪಲ್ಲ. ಮರದ ದೋಣಿಗೆ ಗೇರೆಣ್ಣೆ, ಮೀನೆಣ್ಣೆ ಹಚ್ಚಿ ಹುಳ ಬೀಳದಂತೆ ಕಾಪಾಡಿದವರು ಅವರ ಕಾಲದವರು. ಆದರೆ ಅದು ಮರಕ್ಕೆ. ನಿಮ್ಮ ಟ್ಯೂಬಿಗೆ ಎಣ್ಣೆ ಬಿದ್ದರೆ ಮೇಲ್ಮೈ ಮೆತ್ತಗಾಗುತ್ತದೆ, ಮುಂದೆ ಅಲ್ಲಿ ಯಾವ ಅಂಟೂ ಹಿಡಿಯುವುದಿಲ್ಲ.

ಮಾರುವ ಮಾತು ಆಮೇಲೆ ನೋಡೋಣ. ನಿಮ್ಮ ಬೋಟು ಮೂರು ವರ್ಷ ಹೊಳೆಯಲ್ಲಿ ಓಡಿ ಕೆಟ್ಟದ್ದಲ್ಲ, ನಾಲ್ಕು ತಿಂಗಳು ಅಟ್ಟದಲ್ಲಿ ಸುಮ್ನೆ ಮಲಗಿ ಕೆಟ್ಟಿತು. ಒಳಗೆ ಉಳಿದ ನೀರು, ಉಪ್ಪು, ಹಳೇ ಪೆಟ್ರೋಲ್, ಈ ಮೂರು ಸೇರಿ ಮಾಡಿದ ಕೆಲಸ ಅದು. ಮೇ ಕೊನೆಯಲ್ಲಿ ಅರ್ಧ ದಿನ ಮೋಟರಿಗೆ, ಎರಡು ದಿನ ಬೋಟು ಒಣಗುವುದಕ್ಕೆ ಕೊಟ್ಟಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಈಗ ಆದದ್ದನ್ನು ಸರಿ ಮಾಡುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಬರುವ ಮೇ ತಿಂಗಳ ಕೆಲಸ ಆಮೇಲೆ.

ಮೋಟರಿನಿಂದ ಶುರು ಮಾಡೋಣ. ಕಾರ್ಬುರೇಟರ್ ತೊಳೆದು ಹದಿನೈದು ದಿನಕ್ಕೆ ಮತ್ತೆ ಕಟ್ಟಿಕೊಂಡಿತು ಎಂದರೆ ಕಾಯಿಲೆ ಕಾರ್ಬುರೇಟರಿನದಲ್ಲ, ಟ್ಯಾಂಕಿನದು. ಇದನ್ನು ಇವತ್ತೇ ಪರೀಕ್ಷೆ ಮಾಡಬಹುದು. ಟ್ಯಾಂಕನ್ನು ಅರ್ಧ ಗಂಟೆ ಅಲುಗಾಡಿಸದೆ ಒಂದು ಮೂಲೆಗೆ ವಾಲಿಸಿಡಿ. ತಳದ ಆ ಮೂಲೆಯಿಂದ ಒಂದು ಸಣ್ಣ ಪೈಪಿನಲ್ಲಿ ಒಂದು ಲೋಟದಷ್ಟು ಪೆಟ್ರೋಲ್ ತೆಗೆಯಿರಿ. ಬಾಯಿಂದ ಎಳೆಯಬೇಡಿ, ಕೈ ಪಂಪು ಬಳಸಿ. ಬಣ್ಣವಿಲ್ಲದ ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಬಿಡಿ. ಈಗ ಬೆಳಕಿಗೆ ಹಿಡಿದು ನೋಡಿ. ಎಲ್ಲ ಒಂದೇ ಬಣ್ಣದಲ್ಲಿದ್ದರೆ ಒಳ್ಳೆಯದು. ನಡುವೆ ಒಂದು ಗೆರೆ ಕಂಡು, ಕೆಳಗೆ ಬೇರೆ ಬಣ್ಣದ ಪದರ ನಿಂತಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಆ ಕೆಳಗಿನ ಪದರ ಬರೀ ನೀರಲ್ಲ, ನೀರು ಮತ್ತು ಎಥನಾಲ್. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಸೇರಿದ ಇ-20 ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿದ್ದು. ದಿನಾ ಓಡುವ ಸ್ಕೂಟರಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ನಿಲ್ಲುವುದಿಲ್ಲ, ಅಲ್ವಾ? ಬೋಟಿನ ಟ್ಯಾಂಕಿನಲ್ಲಿ ನಿಲ್ಲುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿಯ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಅರ್ಧ ತುಂಬಿದ ಟ್ಯಾಂಕು ಒಳಗೊಳಗೇ ಬೆವರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದಲೇ.

ಟು ಸ್ಟ್ರೋಕ್ ಮೋಟರಿಗೆ ಇದರಲ್ಲಿ ಇನ್ನೊಂದು ಅಪಾಯ ಇದೆ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕೆಳಗಿನ ಪದರಕ್ಕೆ ಇಳಿಯುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಆಯಿಲ್ ಇಲ್ಲದ ನೀರು-ಎಥನಾಲ್ ಕುಡಿದು ಪಿಸ್ಟನ್ ಹಿಡಿದುಕೊಳ್ಳಬಹುದು. ಆದ್ದರಿಂದ ಭುಜ ನೋಯಿಸಿಕೊಂಡು ಇನ್ನೂ ಹಗ್ಗ ಎಳೆಯಬೇಡಿ. ಸ್ಟಾರ್ಟ್ ಆಗದೇ ಇದ್ದದ್ದು ನಿಮ್ಮ ಪುಣ್ಯ ಅಂದುಕೊಳ್ಳಿ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಂದಿಷ್ಟು ಹೊಸ ಪೆಟ್ರೋಲ್ ಹಾಕಿ ಕುಲುಕಿ ಅದನ್ನೂ ಚೆಲ್ಲಿ ಒಣಗಿಸಿ. ಚೆಲ್ಲುವುದು ಎಂದರೆ ಹೊಳೆಗೋ ಬಾವಿ ಹತ್ತಿರಕ್ಕೋ ಅಲ್ಲ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಟ್ಯಾಂಕಿನಿಂದ ಮೋಟರಿಗೆ ಬರುವ ಪೈಪು, ಅದರ ನಡುವಿನ ಕೈಯಲ್ಲಿ ಒತ್ತುವ ಬಲ್ಬು, ಎರಡನ್ನೂ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ, ಒಳಗೆ ಅಂಟಂಟಾಗಿದ್ದರೆ ಹೊಸದು ಹಾಕಿ. ಫಿಲ್ಟರ್ ಬದಲಿಸಿ. ಇಷ್ಟಾದ ಮೇಲೆ ಕಾರ್ಬುರೇಟರನ್ನು ಕೊನೆಯ ಸಲ ಬಿಚ್ಚಿಸಿ, ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ತೊಳೆಸಿ.

ಮುಂದಕ್ಕೆ ಎರಡು ವಾರಕ್ಕೆ ಬೇಕಾಗುವಷ್ಟೇ ಪೆಟ್ರೋಲ್ ತನ್ನಿ. ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಕಟ್ಟುವ ಇಂಥ ಮೋಟರ್ ಮಾಡುವ ಹೆಚ್ಚಿನ ಕಂಪನಿಗಳು ಎಥನಾಲ್ ಶೇ 10ರ ಒಳಗಿರಲಿ ಎಂದು ಪುಸ್ತಕದಲ್ಲೇ ಬರೆದಿರುತ್ತವೆ. ಬಂಕಿನಲ್ಲಿ ಸಿಗುವುದು ಶೇ 20. ಹಾಗಾಗಿ ಟ್ಯಾಂಕಿನಲ್ಲಿ, ಪೈಪಿನಲ್ಲಿ, ಕಾರ್ಬುರೇಟರಿನಲ್ಲಿ ಅದನ್ನು ನಿಲ್ಲಗೊಡದೇ ಇರುವುದು ನಮ್ಮ ಕೈಯಲ್ಲಿರುವ ಉಪಾಯ. ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡುವುದು ಇನ್ನೊಂದು.

ಆಯಿಲ್ ವಿಷಯಕ್ಕೆ ಬಂದೆ. ಬೈಕಿನ 2ಟಿ ಆಯಿಲ್ ಹಾಕುತ್ತಿದ್ದೀರಾ? ಬಹಳ ಜನ ಹಾಕುತ್ತಾರೆ. ಅದು ಗಾಳಿಯಲ್ಲಿ ತಣ್ಣಗಾಗುವ, ಜಾಸ್ತಿ ಬಿಸಿಯಲ್ಲಿ ಓಡುವ ಎಂಜಿನ್‌ಗೆ ಮಾಡಿದ್ದು. ಹೊಳೆ ನೀರಿನಲ್ಲಿ ತಣ್ಣಗಾಗುವ ಮೋಟರಿಗೆ ಟಿಸಿ-ಡಬ್ಲ್ಯೂ3 ಎಂದು ಡಬ್ಬಿಯ ಮೇಲೆ ಬರೆದಿರುವ ಆಯಿಲ್ಲೇ ಬೇಕು. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ. ಆದರೆ ನಿಮ್ಮ ಮೋಟರಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ನಾಡದೋಣಿಯವರ ಸೀಮೆಎಣ್ಣೆ ನೋಡಿ ಆಸೆಪಡಬೇಡಿ. ಅವರ ಮೋಟರು ಸೀಮೆಎಣ್ಣೆಗೆಂದೇ ಮಾಡಿದ್ದು, ನಿಮ್ಮದು ಅಲ್ಲ.

ಇನ್ನು ಕೆಳಗಿನ ಗೇರ್ ಡಬ್ಬಿ. ಇದನ್ನು ನೀವು ಕೇಳಲಿಲ್ಲ, ಆದರೆ ನನಗೆ ಹೆದರಿಕೆ ಇರುವುದು ಅಲ್ಲೇ. ಮೋಟರನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ. ಬೆಳಗ್ಗೆ ಕೆಳಗೊಂದು ಬಿಳಿ ತಟ್ಟೆ ಇಟ್ಟು, ಗೇರ್ ಡಬ್ಬಿಯ ತಳದ ಸ್ಕ್ರೂವನ್ನು ಪೂರ್ತಿ ಬಿಚ್ಚದೆ ಅರ್ಧ ಸುತ್ತು ಮಾತ್ರ ಸಡಿಲ ಮಾಡಿ. ನೀರು ಎಣ್ಣೆಗಿಂತ ಭಾರ, ಒಳಗೆ ಇದ್ದರೆ ಮೊದಲು ಬರುವುದು ಅದೇ. ಎರಡು ಹನಿ ತಿಳಿನೀರು ಬಿದ್ದು ಆಮೇಲೆ ಎಣ್ಣೆ ಬಂತೋ, ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಹೋಗಿದೆ. ಎಣ್ಣೆಯೇ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿ ಬಹಳ ದಿನ ಆಗಿದೆ. ಹಾಗೇ ಬಿಟ್ಟರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಪ್ರೊಪೆಲರ್ ಬಿಚ್ಚಿ ಅದರ ಹಿಂದೆ ನೋಡಿ. ಹತ್ತರಲ್ಲಿ ಐದು ಸಲವಾದರೂ ಅಲ್ಲಿ ಗಾಳದ ನೈಲಾನ್ ದಾರ ಸುತ್ತಿಕೊಂಡಿರುತ್ತದೆ, ನಾನು ಬಿಚ್ಚಿದ್ದರಲ್ಲಿ ಕಂಡದ್ದು ಹಾಗೆ. ಆ ದಾರವೇ ತಿರುಗಿ ತಿರುಗಿ ಸೀಲನ್ನು ಕತ್ತರಿಸುವುದು.

ಎಣ್ಣೆ ತುಂಬುವಾಗ ಮೇಲಿನಿಂದ ಸುರಿಯಬೇಡಿ. ಮೇಲೊಂದು, ಕೆಳಗೊಂದು ಸ್ಕ್ರೂ ಇದೆ. ಎರಡನ್ನೂ ಬಿಚ್ಚಿ, ಕೆಳಗಿನ ತೂತಿನಿಂದ ಟ್ಯೂಬ್ ಅಥವಾ ಪಂಪಿನಲ್ಲಿ ನಿಧಾನಕ್ಕೆ ತಳ್ಳಿ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದ ಎಣ್ಣೆ ಬರುವವರೆಗೆ ತಳ್ಳಬೇಕು. ಆಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ನಂತರ ಕೆಳಗಿನದು. ಉಲ್ಟಾ ಮಾಡಿದರೆ ಅರ್ಧ ಎಣ್ಣೆ ತಟ್ಟೆಗೇ ಬೀಳುತ್ತದೆ. ಸ್ಕ್ರೂವಿನ ಸಣ್ಣ ವಾಷರನ್ನು ಪ್ರತಿ ಸಲ ಹೊಸದು ಹಾಕಿ, ಇಲ್ಲಿ ಜಿಪುಣತನ ಬೇಡ.

ಈಗ ಬೋಟಿಗೆ ಬರೋಣ. ರಬ್ಬರ್ ಬೋಟು ಅಂತ ನಾವೆಲ್ಲ ಅನ್ನುತ್ತೇವೆ. ನೆರೆ ಬಂದಾಗ ಟಿವಿಯಲ್ಲಿ ಕಾಣುವ ಕಿತ್ತಳೆ ಬಣ್ಣದವನ್ನೂ ಹಾಗೇ ಕರೆಯುತ್ತೇವೆ. ನಿಮ್ಮದರಲ್ಲಿ ರಬ್ಬರ್ ಇಲ್ಲ, ಅದು ಪಿವಿಸಿ ಲೇಪಿಸಿದ ಬಟ್ಟೆ. ದುಬಾರಿ ಬೋಟುಗಳಲ್ಲಿ ಹೈಪಲಾನ್ ಎಂಬ ಸಿಂಥೆಟಿಕ್ ರಬ್ಬರ್ ಇರುತ್ತದೆ, ಅದು ಬಿಸಿಲನ್ನು ಹೆಚ್ಚು ತಡೆಯುತ್ತದೆ. ಹೆಸರಿನ ಈ ಗೊಂದಲ ಸುಮ್ನೆ ಹೇಳುತ್ತಿಲ್ಲ. ಪಿವಿಸಿಗೆ ಪಾಲಿಯುರೆಥೇನ್ ಅಂಟು, ಹೈಪಲಾನ್‌ಗೆ ನಿಯೋಪ್ರೀನ್ ಅಂಟು. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ಎರಡಕ್ಕೂ ಅಲ್ಲ. ಹಚ್ಚಿದ ದಿನ ಹಿಡಿದ ಹಾಗೆ ಕಾಣುತ್ತದೆ, ಬಿಸಿಲು ಏರಿದ ಕೂಡಲೇ ಪಟ್ಟಿ ಜಾರಿ ಬರುತ್ತದೆ. ಹಾಗೆ ಜಾರಿದ್ದನ್ನು ಕೆರೆದು ತೆಗೆಯುವ ಕೆಲಸ, ಹೊಸ ಪಟ್ಟಿ ಹಾಕುವುದಕ್ಕಿಂತ ದೊಡ್ಡದು.

ಎಡಗಡೆ ಟ್ಯೂಬಿನಲ್ಲಿ ತೂತು ಹುಡುಕುವ ಮೊದಲು ವಾಲ್ವ್ ನೋಡಿ. ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ನೊರೆ ಬರುವಂತೆ ಕಲಸಿ, ಬ್ರಷ್‌ನಲ್ಲಿ ವಾಲ್ವಿನ ಸುತ್ತ ಹಚ್ಚಿ. ಒಂದು ಕಾಳು ಮರಳು ವಾಲ್ವಿನ ರಬ್ಬರಿನ ಕೆಳಗೆ ಸಿಕ್ಕಿಕೊಂಡರೂ ಗಾಳಿ ರಾತ್ರಿಯಿಡೀ ಸೋರುತ್ತದೆ. ಬಿಚ್ಚಿ, ಬಾವಿ ನೀರಿನಲ್ಲಿ ತೊಳೆದು ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮಡಿಕೆಯ ಗೆರೆ, ಜೋಡಣೆಯ ಅಂಚು, ಮೋಟರ್ ಕೂರುವ ಹಲಗೆಯ ಬುಡ, ಇಲ್ಲೆಲ್ಲ ನೊರೆ ಹಚ್ಚುತ್ತಾ ಹೋಗಿ. ಗುಳ್ಳೆ ಏಳುವ ಕಡೆ ಬಾಲ್‌ಪೆನ್ನಿನಲ್ಲಿ ಗುರುತು ಹಾಕಿ, ಒದ್ದೆಯಲ್ಲಿ ಸೀಮೆಸುಣ್ಣ ನಿಲ್ಲುವುದಿಲ್ಲ.

ಗಾಳಿ ಇಳಿದದ್ದೆಲ್ಲ ಸೋರಿಕೆ ಅಲ್ಲ. ಬೆಳಗ್ಗೆ 27 ಡಿಗ್ರಿಯಲ್ಲಿ ಟ್ಯೂಬಿಗೆ 0.22 ಬಾರ್ ಗಾಳಿ ತುಂಬಿದಿರಿ ಅನ್ನಿ. ಬೋಟು ಬಿಸಿಲಿಗೆ ಬಿದ್ದು ಒಳಗಿನ ಗಾಳಿ 52 ಡಿಗ್ರಿಗೆ ಏರಿದರೆ ಒತ್ತಡ ಹತ್ತಿರ ಹತ್ತಿರ 0.32 ಬಾರ್ ಆಗುತ್ತದೆ. ಸಣ್ಣ ಪಿವಿಸಿ ಬೋಟುಗಳ ಟ್ಯೂಬಿಗೆ ಸಾಮಾನ್ಯವಾಗಿ ಹೇಳುವುದು 0.2ರಿಂದ 0.25. ಸರಿಯಾದ ಅಂಕಿ ನಿಮ್ಮ ಬೋಟಿನ ತಗಡಿನ ಚೀಟಿಯಲ್ಲಿ ಇದೆ. ಮಧ್ಯಾಹ್ನ ದಡದ ಮೇಲೆ ಬಿಗಿಯಾಗಿ ಉಬ್ಬಿದ ಬೋಟು ಅಂಟಿನ ಜೋಡಣೆಯನ್ನು ಎಳೆದು ಎಳೆದು ಸೋಲಿಸುವುದು ಹೀಗೆ. ಅದೇ ಬೋಟನ್ನು ನೀರಿಗೆ ಇಳಿಸಿದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಜನ ಪಂಕ್ಚರ್ ಅಂದುಕೊಂಡು ಮತ್ತೆ ಪಂಪು ಹೊಡೆಯುತ್ತಾರೆ. ವಾಪಸ್ ದಡಕ್ಕೆ ಬಂದಾಗ ಇನ್ನೂ ಬಿಗಿ. ನೆರಳಿನಲ್ಲಿ, ಒಂದು ಸಂಜೆ ಅಳೆದು ಮರುದಿನ ಅದೇ ಹೊತ್ತಿಗೆ ಅಳೆದರೆ ನಿಜ ಗೊತ್ತಾಗುತ್ತದೆ. ಐದರಲ್ಲಿ ಒಂದು ಪಾಲಿನ ಒಳಗೆ ಇಳಿದಿದ್ದರೆ ಗಾಬರಿ ಬೇಡ.

ಗಾಳಿ ತುಂಬುವಾಗ ಟ್ಯೂಬಿನೊಳಗಿನ ಒಂದು ಕೋಣೆಗೆ ಪೂರ್ತಿ ತುಂಬಿ ಪಕ್ಕದ್ದನ್ನು ಖಾಲಿ ಬಿಡಬೇಡಿ. ಎಲ್ಲಕ್ಕೂ ಅರ್ಧರ್ಧ ತುಂಬಿ, ಎರಡನೇ ಸುತ್ತಿನಲ್ಲಿ ಬಿಗಿ ಮಾಡಿ. ಕೋಣೆಗಳ ನಡುವಿನ ಅಡ್ಡ ಪರದೆ ಕಿತ್ತರೆ ಹೊರಗಿನಿಂದ ಅದನ್ನು ಯಾರೂ ಸರಿ ಮಾಡಲಾರರು.

ಅಂಟು ಹಾಕುವ ಕೆಲಸಕ್ಕೆ ಆತುರ ಪಡಬೇಡಿ, ಡಿಸೆಂಬರ್ ಬರಲಿ. ಈ ಅಂಟಿಗೆ ತೇವ ಎಂದರೆ ಆಗುವುದಿಲ್ಲ. ಗಾಳಿಯ ತೇವಾಂಶ ಶೇ 60ರ ಆಸುಪಾಸಿಗೆ ಇಳಿದ ದಿನವೇ ಹಾಕಬೇಕು. ನಮ್ಮ ಕರಾವಳಿಯಲ್ಲಿ ಅಂಥ ಹೊತ್ತು ಸಿಗುವುದು ಡಿಸೆಂಬರ್, ಜನವರಿಯ ಮಧ್ಯಾಹ್ನಗಳಲ್ಲಿ. ಮಳೆಗಾಲದಲ್ಲಿ ಹಾಕಿದ ಪಟ್ಟಿ ನವರಾತ್ರಿಯವರೆಗೂ ನಿಲ್ಲುವುದಿಲ್ಲ. ತೂತಿನ ಸುತ್ತ ಎಲ್ಲ ಕಡೆ 5 ಸೆಂ.ಮೀ. ಹೆಚ್ಚಿಗೆ ಬರುವಂತೆ ಪಟ್ಟಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಟ್ಯೂಬಿನ ಗಾಳಿ ತೆಗೆದು ಚಪ್ಪಟೆ ಮಾಡಿಕೊಳ್ಳಿ. ಅಂಟಿನ ಡಬ್ಬಿಯಲ್ಲಿ ಹೇಳಿದ ಕ್ಲೀನರ್‌ನಲ್ಲಿ ಬಟ್ಟೆ ಒದ್ದೆ ಮಾಡಿ ಎರಡೂ ಕಡೆ ಒರೆಸಿ. ಗಟ್ಟಿಕಾರಕ ಬೆರೆಸಿದ ಅಂಟನ್ನು ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಎರಡನೇ ಸಲ ಹಚ್ಚಿ. ಬೆರಳು ಮುಟ್ಟಿದರೆ ಅಂಟಬೇಕು, ಆದರೆ ಬೆರಳಿಗೆ ಬರಬಾರದು. ಅದು ಹದ. ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಉಜ್ಜಿ ಒತ್ತಿ, ಸ್ಟೀಲ್ ಚಮಚದ ಬೆನ್ನು ಸಾಕು. ಕಡಿಮೆ ಎಂದರೆ 24 ಗಂಟೆ ಗಾಳಿ ತುಂಬಬೇಡಿ. ಎರಡು ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು.

ಬೂಸ್ಟಿಗೆ ಸೋಪು ನೀರು, ಮೆತ್ತನೆ ಬ್ರಷ್. ಹೋಗದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತೊಳೆಯಿರಿ. ಕಲೆ ಸ್ವಲ್ಪ ಉಳಿಯಬಹುದು, ಉಳಿಯಲಿ. ಥಿನ್ನರ್, ಪೆಟ್ರೋಲ್‌ನಿಂದ ತಿಕ್ಕಿದವರ ಬೋಟು ನೋಡಿದ್ದೇನೆ, ಕಲೆಯ ಜೊತೆ ಮೇಲಿನ ಪದರವೂ ಹೋಗಿತ್ತು. ಕಾರಿಗೆ ಹೊಳಪು ಕೊಡುವ ಸಿಲಿಕಾನ್ ಸ್ಪ್ರೇಯೂ ಬೇಡ. ಅದನ್ನು ಹಚ್ಚಿದ ಜಾಗ ಗೇರೆಣ್ಣೆ ಹಚ್ಚಿದ ಹಾಗೇ, ಅಂಟು ಹಿಡಿಯುವುದಿಲ್ಲ.

ಇಷ್ಟು ಮಾಡುವಾಗಲೇ ಮಗನ ಪ್ರಶ್ನೆಗೂ ಉತ್ತರ ಸಿಗುತ್ತದೆ. ಒಣಗಿದ ಟ್ಯೂಬಿನ ಮೇಲೆ ಅಂಗೈ ಇಟ್ಟು ತೆಗೆಯಿರಿ. ಬೆಲ್ಲದ ಪಾಕ ಮುಟ್ಟಿದ ಹಾಗೆ ಜಿಗುಟು ಇದ್ದರೆ, ಅಥವಾ ಜೋಡಣೆಯ ಅಂಚನ್ನು ಉಗುರಿನಲ್ಲಿ ಎಬ್ಬಿಸಿದರೆ ಗೇಣುದ್ದ ಸುಲಭವಾಗಿ ಎದ್ದು ಬಂದರೆ, ಮಗ ಹೇಳಿದ್ದು ಸರಿ. ಪಟ್ಟಿ ಹಾಕಿ ಪ್ರಯೋಜನ ಇಲ್ಲ. ಮಡಿಕೆಯಲ್ಲಿ ಒಂದೆರಡು ಕಡೆ ಮಾತ್ರ ಬಿಟ್ಟಿದ್ದರೆ ಇನ್ನೂ ನಾಲ್ಕೈದು ವರ್ಷ ಧಾರಾಳ ಓಡಿಸಬಹುದು. ಮೂರು ವರ್ಷದ ಬೋಟು, ನನ್ನ ಅಂದಾಜು ಎರಡನೆಯದೇ.

ಇನ್ನು ಬರುವ ಮೇ ತಿಂಗಳ ಕೆಲಸ. ಪತ್ರದಲ್ಲಿ ನೀವು ತೊಳೆದು ಮಡಿಸಿದೆ ಅಂದಿದ್ದೀರಿ. ಒಣಗಿಸಿದೆ ಅಂತ ಎಲ್ಲೂ ಬರೆದಿಲ್ಲ!

ಮೇ ಮೂರನೇ ವಾರದಲ್ಲಿ ಮಾಡಿ, ಮುಂಗಾರು ಬಾಗಿಲಿಗೆ ಬರುವವರೆಗೆ ಕಾಯಬೇಡಿ. ತಳದ ಹಲಗೆಗಳನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆಯಿರಿ. ಹಲಗೆ ಮತ್ತು ಟ್ಯೂಬು ಸೇರುವ ಸಂದಿಯಲ್ಲಿ ಬೆರಳು ಹಾಕಿ ನೋಡಿ, ಒಂದು ಹಿಡಿ ಮರಳು ಸಿಗುತ್ತದೆ. ಪ್ರತಿ ಸಲ ಬೋಟು ಅಲುಗಿದಾಗಲೂ ಆ ಮರಳು ಉಪ್ಪುಕಾಗದದ ಹಾಗೆ ಟ್ಯೂಬನ್ನು ತೇಯುತ್ತಿರುತ್ತದೆ. ಬೋಟನ್ನು ಅಡ್ಡ ನಿಲ್ಲಿಸಿ, ಬಾವಿ ನೀರಿನ ಪೈಪನ್ನು ಆ ಸಂದಿಗೇ ಬಿಟ್ಟು ಮರಳು ಬರುವುದು ನಿಲ್ಲುವವರೆಗೆ ತೊಳೆಯಿರಿ. ಆಮೇಲೆ ಗಾಳಿ ತುಂಬಿದ ಬೋಟನ್ನೇ ನೆರಳಿನಲ್ಲಿ, ಗಾಳಿ ಆಡುವ ಕಡೆ, ಎರಡು ದಿನ ನಿಲ್ಲಿಸಿ. ಮಧ್ಯೆ ಒಮ್ಮೆ ಮಗುಚಿ ಹಾಕಿ. ಸಂದಿಯಲ್ಲಿ ಹಳೇ ಪಂಚೆ ತುಂಡು ತುರುಕಿ ತೆಗೆದಾಗ ಅದು ಒಣಗೇ ಬರಬೇಕು. ಅಷ್ಟಾಗುವವರೆಗೆ ಮಡಿಸುವ ಮಾತೇ ಇಲ್ಲ.

ನನ್ನನ್ನು ಕೇಳಿದರೆ ಮಡಿಸಲೇಬೇಡಿ. ಜಾಗ ಇದ್ದರೆ ಅರ್ಧ ಗಾಳಿ ಬಿಟ್ಟು, ಮಾಡಿನ ಜಂತಿಗೆ ಎರಡು ಅಗಲದ ಪಟ್ಟಿ ಕಟ್ಟಿ ತೊಟ್ಟಿಲಿನ ಹಾಗೆ ತೂಗುಹಾಕಿ. ತೆಳ್ಳಗಿನ ಹಗ್ಗ ಬೇಡ, ಟ್ಯೂಬಿನ ಮೇಲೆ ಗೆರೆ ಬೀಳುತ್ತದೆ. ಜಾಗವೇ ಇಲ್ಲ ಎಂದಾದರೆ ಚಾಪೆ ಸುತ್ತುವ ಹಾಗೆ ಸಡಿಲವಾಗಿ ಸುತ್ತಿ, ಪ್ರತಿ ವರ್ಷ ಬೇರೆ ಬೇರೆ ಕಡೆ ಮಡಿಕೆ ಬೀಳುವಂತೆ ನೋಡಿಕೊಳ್ಳಿ. ಮೇಲೆ ಭಾರ ಇಡಬೇಡಿ. ಅದರ ಜೊತೆ ಬಂದ ಬಿಗಿ ಚೀಲ ಕಾರಿನಲ್ಲಿ ಒಯ್ಯುವುದಕ್ಕೆ ಸರಿ, ಮಳೆಗಾಲ ಕಳೆಯುವುದಕ್ಕಲ್ಲ. ಹಳೇ ಹತ್ತಿ ಸೀರೆ ಹೊದಿಸಿದರೆ ಸಾಕು. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಹತ್ತಿರ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಎಂದರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಇಲಿ ಮರೆಯಬೇಡಿ. ಗಾಳದ ಎರೆಯ ವಾಸನೆ ಉಳಿದ ಬೋಟು ಇಲಿಗೆ ಹಬ್ಬದೂಟ. ತೆಂಗಿನ ಮರಕ್ಕೆ ತಗಡು ಸುತ್ತುತ್ತೇವಲ್ಲ, ಅದೇ ಬುದ್ಧಿಯಿಂದ ತೂಗುಹಾಕಿದ ಪಟ್ಟಿಗಳಿಗೆ ಮೇಲುಗಡೆ ಒಂದೊಂದು ತಗಡಿನ ತಟ್ಟೆ ಪೋಣಿಸಿ. ಬಿಚ್ಚಿಟ್ಟ ಹಲಗೆಗಳನ್ನು ಗೋಡೆಗೆ ತಾಗಿಸಿ ನಿಲ್ಲಿಸಬೇಡಿ, ಗೆದ್ದಲು ಬರುತ್ತದೆ.

ಮೋಟರಿಗೆ ಒಂದು ಡ್ರಮ್ಮು ಬೇಕು. 200 ಲೀಟರಿನ ಡ್ರಮ್ಮಿನ ಬಾಯಿಗೆ ಅಡ್ಡ ಒಂದು ದಪ್ಪ ಹಲಗೆ ಭದ್ರ ಮಾಡಿ ಮೋಟರ್ ಕಟ್ಟಿ. ಪ್ರೊಪೆಲರ್ ಬಿಚ್ಚಿಡಿ. ಪ್ರೊಪೆಲರಿನ ಮೇಲೆ ಅಡ್ಡಕ್ಕೆ ಚಾಚಿದ ತಟ್ಟೆಯಂಥ ರೆಕ್ಕೆ ಇದೆಯಲ್ಲ, ಅದರ ಮೇಲೆ ನಾಲ್ಕು ಬೆರಳು ಬರುವಷ್ಟು ಬಾವಿ ನೀರು ತುಂಬಿ. ಬಯಲಿನಲ್ಲೇ ಮಾಡಿ, ಕೋಣೆಯೊಳಗೆ ಹೊಗೆ ತುಂಬಿದರೆ ಜೀವಕ್ಕೇ ಅಪಾಯ. ಸ್ಟಾರ್ಟ್ ಮಾಡಿ ನಿಧಾನ ವೇಗದಲ್ಲಿ ಹತ್ತು ನಿಮಿಷ ಬಿಡಿ. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಮಕ್ಕಳು ಅದನ್ನು ಮೋಟರಿನ ಉಚ್ಚೆ ಅಂತಾರೆ, ಡಾಕ್ಟರು ನೋಡುವುದೂ ಅದನ್ನೇ! ಆ ನೀರು ಬೆಚ್ಚಗಾಗುವವರೆಗೆ ಓಡಿಸಿ. ಎಂಜಿನ್ ಬಿಸಿಯಾದ ಮೇಲೆಯೇ ಥರ್ಮೋಸ್ಟಾಟ್ ಎಂಬ ವಾಲ್ವ್ ತೆರೆದು, ಒಳಗಿನ ಎಲ್ಲ ದಾರಿಗಳಿಗೂ ಸಿಹಿ ನೀರು ಹೋಗಿ ಉಪ್ಪು ಕರಗುವುದು. ಎರಡು ನಿಮಿಷ ಓಡಿಸಿ ಮುಗಿಯಿತು ಅಂದರೆ ಉಪ್ಪು ಒಳಗೇ ಕೂತಿರುತ್ತದೆ. ಈ ಬಾವಿ ನೀರಿನ ಸ್ನಾನ ಬೇಸಿಗೆಯಲ್ಲಿ ಉಪ್ಪು ಹೊಳೆಗೆ ಹೋದ ಪ್ರತಿ ಸಲವೂ ಬೇಕು, ಮೇ ಕೊನೆಗೆ ಮಾತ್ರ ಅಲ್ಲ.

ನೀರಿಲ್ಲದೆ ಐದು ಸೆಕೆಂಡೂ ಓಡಿಸಬೇಡಿ. ಒಳಗೆ ನೀರು ಎಳೆಯುವ ರಬ್ಬರಿನ ಇಂಪೆಲರ್ ಇದೆ, ನೀರೇ ಅದಕ್ಕೆ ಎಣ್ಣೆ. ಅಳಿವೆಯ ಕೆಸರು, ಮರಳು ಎಳೆದು ಅದು ಹೇಗೂ ಸವೆಯುತ್ತದೆ. ನಿಮ್ಮದಕ್ಕೆ ಮೂರು ವರ್ಷ, ಒಮ್ಮೆಯೂ ಬದಲಿಸದಿದ್ದರೆ ಈ ಸಲ ಬದಲಿಸಿ.

ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಪೈಪು ಕಳಚಿ. ನಿಧಾನ ವೇಗದಲ್ಲೇ ಇರಲಿ. ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಅಷ್ಟಕ್ಕೆ ಕಾರ್ಬುರೇಟರ್ ಖಾಲಿ ಆಯಿತು ಅಂದುಕೊಳ್ಳಬೇಡಿ, ಅದರ ತಳದ ಸ್ಕ್ರೂ ಬಿಚ್ಚಿದರೆ ಇನ್ನೊಂದು ಚಮಚ ಬರುತ್ತದೆ. ಆ ಒಂದು ಚಮಚವೇ ಅಕ್ಟೋಬರ್‌ನಲ್ಲಿ ನಿಮ್ಮ ಭುಜ ನೋಯಿಸಿದ್ದು. ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಟಿಸಿ-ಡಬ್ಲ್ಯೂ3 ಆಯಿಲ್ ಬಿಡಿ. ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ ತೆಗೆದಿಟ್ಟು, ಪ್ಲಗ್ಗಿನ ವೈರನ್ನು ಎಂಜಿನ್ ಲೋಹಕ್ಕೆ ತಾಗಿಸಿ, ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆಯಿರಿ. ಒಳಗೆಲ್ಲ ಆಯಿಲ್ ಹರಡುತ್ತದೆ. ಪ್ಲಗ್ ವಾಪಸ್ ಹಾಕಿ. ಗೇರ್ ಎಣ್ಣೆ ಬದಲಿಸುವುದೂ ಈಗಲೇ, ಅಕ್ಟೋಬರ್‌ಗೆ ಮುಂದೂಡಬೇಡಿ. ನೀರು ಬೆರೆತ ಎಣ್ಣೆ ನಾಲ್ಕು ತಿಂಗಳು ಒಳಗೆ ಇದ್ದರೆ ಬೇರಿಂಗಿಗೇ ಕೆಡುಕು. ತಿರುಗುವ ಕಡೆ, ಹಲಗೆಗೆ ಬಿಗಿಯುವ ತಿರುಪುಗಳಿಗೆ, ಪ್ರೊಪೆಲರ್ ಶಾಫ್ಟಿಗೆ ನೀರಿಗೆ ತೊಳೆದುಹೋಗದ ಗ್ರೀಸ್ ಹಚ್ಚಿ.

ನೀರಿನಲ್ಲಿ ಮುಳುಗುವ ಭಾಗದಲ್ಲಿ ಬೂದು ಬಣ್ಣದ ಒಂದು ಲೋಹದ ತುಂಡು ಇರುತ್ತದೆ, ಆನೋಡ್. ಉಪ್ಪು ನೀರು ಮೋಟರಿನ ಮೈ ತಿನ್ನುವ ಬದಲು ಅದನ್ನು ತಿನ್ನಲಿ ಅಂತ ಇಟ್ಟದ್ದು. ಅರ್ಧ ಕರಗಿದ್ದರೆ ಬದಲಿಸಿ, ಪೇಂಟ್ ಮಾತ್ರ ಹೊಡೆಯಬೇಡಿ. ನಿಮ್ಮ ಹೊಳೆ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಅಂಥ ಕಡೆಗೆ ಸತುವಿನದಕ್ಕಿಂತ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು.

ಮೋಟರನ್ನು ಮಲಗಿಸಿದ್ದೆ ಅಂದಿರಿ. ಅದರಲ್ಲಿ ನಾನೂ ಒಮ್ಮೆ ಪಾಠ ಕಲಿತವನೇ. ಹೊಳೆಯಿಂದ ತೆಗೆದ ಮೋಟರನ್ನು ಹಾಗೇ ಜೀಪಿನ ಹಿಂದೆ, ತಲೆ ಕೆಳಗೆ ಕಾಲು ಮೇಲೆ ಆಗುವಂತೆ ಹಾಕಿಕೊಂಡು ಮನೆಗೆ ಬಂದೆ. ಕಾಲಿನ ಭಾಗದಲ್ಲಿ ಉಳಿದಿದ್ದ ಉಪ್ಪು ನೀರು ಹೊಗೆ ಹೋಗುವ ದಾರಿಯಿಂದ ಸಿಲಿಂಡರಿಗೆ ಇಳಿದಿತ್ತು. ಮೂರು ವಾರ ಬಿಟ್ಟು ಹಗ್ಗ ಎಳೆದರೆ ಅಲುಗಾಡಲಿಲ್ಲ. ಪಿಸ್ಟನ್ ತುಕ್ಕು ಹಿಡಿದು ಕೂತಿತ್ತು. ತಪ್ಪು ಯಾರದೂ ಅಲ್ಲ ಮಾರಾಯ್ರೇ, ನನ್ನದೇ. ನೆಟ್ಟಗೆ ನಿಲ್ಲಿಸಿ ನೀರೆಲ್ಲ ಬಸಿದ ಮೇಲೆಯೇ ಮಲಗಿಸಬಹುದು, ಆಗಲೂ ತಲೆ ಸ್ವಲ್ಪ ಎತ್ತರದಲ್ಲಿರಬೇಕು. ಮಳೆಗಾಲಕ್ಕಂತೂ ಒಂದು ಮರದ ಸ್ಟ್ಯಾಂಡ್ ಮಾಡಿಸಿ ನಿಲ್ಲಿಸಿಯೇ ಇಡಿ. ಮುಂದೆ ಫೋರ್ ಸ್ಟ್ರೋಕ್ ತಗೊಂಡರೆ ಇನ್ನೂ ಹುಷಾರು. ಅದನ್ನು ಕಂಪನಿ ಹೇಳಿದ ಮಗ್ಗುಲಿಗೆ ಬಿಟ್ಟು ಬೇರೆ ಕಡೆ ಮಲಗಿಸಿದರೆ ಎಂಜಿನ್ ಆಯಿಲ್ ಸಿಲಿಂಡರಿಗೆ ಹೋಗುತ್ತದೆ.

ಕೊಟ್ಟಿಗೆ ಅಟ್ಟ ಬೇಡ. ಗಂಜಳದ ಘಾಟು ನಿಮಗೆ ಮೂಗಿಗೆ ಬಡಿಯುವ ಹಾಗೇ ಮೋಟರಿಗೂ ಬಡಿಯುತ್ತದೆ. ಅದರಲ್ಲಿರುವ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಕಾರ್ಬುರೇಟರಿನ ಜೆಟ್ಟು ಹಿತ್ತಾಳೆಯದ್ದೇ. ಅಕ್ಕಿ ಮುಡಿ ಇಡುತ್ತಿದ್ದ ಕೋಣೆಯಂಥ ಒಣ ಜಾಗ ಮನೆಯಲ್ಲಿ ಇದ್ದರೆ ಅಲ್ಲಿ ಇಡಿ. ಆದರೆ ಪೆಟ್ರೋಲ್ ಟ್ಯಾಂಕನ್ನು ಮನೆಯೊಳಗೆ ತರಬೇಡಿ, ಖಾಲಿ ಮಾಡಿ ಮುಚ್ಚಳ ಬಿಗಿದು ಹೊರಗಿನ ಶೆಡ್ಡಿನಲ್ಲಿಡಿ. ಉಳಿದ ಪೆಟ್ರೋಲಿಗೆ ಆಯಿಲ್ ಬೆರೆಸಿರದಿದ್ದರೆ ಅವತ್ತೇ ಸ್ಕೂಟರಿಗೆ ಹಾಕಿ ಮುಗಿಸಿ.

ರಿಪೇರಿಗೆ ಕೊಡುವುದಿದ್ದರೆ ಜೂನ್‌ನಲ್ಲೇ ಕೊಡಿ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗಸ್ಟ್ 1ಕ್ಕೆ ಎಲ್ಲರೂ ಕಡಲಿಗೆ ಇಳಿಯುವ ಗಡಿಬಿಡಿ. ಜುಲೈ ಕೊನೆಯ ವಾರ ನಿಮ್ಮ 8 ಎಚ್‌ಪಿ ಮೋಟರಿಗೆ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ.

ಸದ್ಯಕ್ಕೆ ಬಾಟಲಿ ಪರೀಕ್ಷೆ ಇವತ್ತು ಸಂಜೆಯೇ ಮಾಡಿ, ಗೇರ್ ಡಬ್ಬಿಯ ಸ್ಕ್ರೂ ನಾಳೆ ಬೆಳಗ್ಗೆ. ಬಾಟಲಿಯಲ್ಲಿ ಗೆರೆ ಕಾಣದಿದ್ದರೆ, ತಟ್ಟೆಗೆ ನೀರೂ ಬೀಳದಿದ್ದರೆ, ಪ್ಲಗ್ಗಿನ ಬಣ್ಣ ಹೇಗಿದೆ ನೋಡಿ ಮತ್ತೊಮ್ಮೆ ಬರೆಯಿರಿ. ಆಗ ಕಥೆ ಬೇರೆ.